ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನು, ಶವರ್ ಮೇಲೊಂದು ಲೈಟು: ವೈರಿಂಗ್ ಹೆಂಗಿರ್ಬೇಕು

ನಮ್ ಕಡೆ ಮಳೆ ಹಿಡೀತು ಅಂದ್ರೆ ಬಚ್ಚಲು ಒಣಗೋ ಮಾತೇ ಇಲ್ಲ. ಶಿವಮೊಗ್ಗ ದಾಟಿ ತೀರ್ಥಹಳ್ಳಿ ಕಡೆ ಹೋದಷ್ಟೂ ಇದು ಜಾಸ್ತಿ, ಬೆಳಗ್ಗೆ ಸ್ನಾನ ಮಾಡಿದ ಹಬೆ ಮಧ್ಯಾಹ್ನ ಊಟದ ಹೊತ್ತಿಗೂ ಗೋಡೆ ಮೇಲೆ ಹನಿ ಹನಿಯಾಗಿ ಕೂತಿರುತ್ತೆ, ಟವೆಲ್ ಒಣಗಲ್ಲ, ಮೂಲೇಲಿ ಕಪ್ಪು ಬೂಸ್ಟು ಬರುತ್ತೆ, ಬಾಗಿಲ ಕೆಳಗಡೆ ಪ್ಲೈವುಡ್ ಉಬ್ಬಿ ಚಿಲಕ ಹಾಕಕ್ಕೇ ಆಗಲ್ಲ. ಆಗ ಎಲ್ರಿಗೂ ಎಕ್ಸಾಸ್ಟ್ ಫ್ಯಾನ್ ನೆನಪಾಗುತ್ತೆ, ಅದ್ರ ಜೊತೆಗೇ "ಹೆಂಗೂ ಬಂದಿದೀರಲ್ಲ, ಶವರ್ ಮೇಲೊಂದು ಲೈಟೂ ಹಾಕ್ಬಿಡಿ" ಅಂತಾರೆ. ನಾನು ಮನೆ ವೈರಿಂಗ್ ಕೆಲಸ ಮಾಡೋನು, ಇವೆರಡನ್ನೂ ಸುಮಾರು ಮನೆಗೆ ಹಾಕಿದೀನಿ, ಬೇರೆಯವ್ರು ಹಾಕಿದ್ದನ್ನ ಬಿಚ್ಚಿ ಸರಿ ಮಾಡಿದ್ದು ಅದಕ್ಕಿಂತ ಜಾಸ್ತಿ, ಅದಕ್ಕೇ ಇದನ್ನ ಕೂತು ಬರೀತಿದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಹಳೇ ಫ್ಯಾನ್ ಕೆಟ್ಟಿದೆ, ಅದೇ ಜಾಗಕ್ಕೆ ಅಂಥದ್ದೇ ಹೊಸದು ಹಾಕ್ತೀರ, ಲೈಟ್ ಬದಲಾಯಿಸ್ತೀರ, ಸ್ವಿಚ್ ಬದಲಾಯಿಸ್ತೀರ ಅಂದ್ರೆ ಕೆಲಸ ಗೊತ್ತಿದ್ದ ಮನೆಯವ್ರೇ ಮಾಡ್ಕೋಬೋದು, ನಿಯಮದಲ್ಲೂ ಅದಕ್ಕೆ ವಿನಾಯಿತಿ ಇದೆ. ಆದ್ರೆ ಹೊಸ ವೈರ್ ಎಳೆದು ಹೊಸ ಪಾಯಿಂಟ್ ಮಾಡೋದು ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕಡೆಯಿಂದಾನೇ ಆಗ್ಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುತ್ತೆ. ಅದಕ್ಕೆ ಈ ಬರಹನ ಎರಡು ಥರ ಉಪಯೋಗಿಸ್ಕೊಳಿ, ಹಳೇದನ್ನ ಬದಲಾಯಿಸೋರು ಕೈಯಾರೆ ಮಾಡಕ್ಕೆ, ಹೊಸದಾಗಿ ಹಾಕಿಸೋರು ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು "ಇದು ಹಿಂಗೇ ಯಾಕೆ" ಅಂತ ಕೇಳಕ್ಕೆ.

ಎರಡು ಮಳೆಗಾಲದ ಹಿಂದೆ ಒಂದು ಹಳೇ ಹೆಂಚಿನ ಮನೆಗೆ ಕರೆದಿದ್ರು. ಅಲ್ಲಿ ಅಜ್ಜಿ ಒಬ್ರು, "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣಪ್ಪ, ಲೈಟ್ ಆರಿಸಿದ್ರೂ ಅನ್ನುತ್ತೆ" ಅಂತ ಒಂದು ವಾರದಿಂದ ಹೇಳ್ತಿದ್ರಂತೆ, ಮನೆಯವ್ರು ವಯಸ್ಸಾಯ್ತು ಕೈ ಜೋಮು ಹಿಡಿದಿರ್ಬೇಕು ಅಂತ ಸುಮ್ನಿದ್ರು. ಲೈಟ್ ಆರಿಸಿದ್ರೂ ಅನ್ನುತ್ತೆ ಅನ್ನೋ ಆ ಒಂದು ಮಾತು ಸಾಕಾಯ್ತು ನಂಗೆ. ಮೇನ್ ಆಫ್ ಮಾಡಿ ಶವರ್ ಪಕ್ಕದ ಲೈಟ್ ಬಿಚ್ಚಿದೆ, ಕಬ್ಬಿಣದ ಬಾಡಿ, ಒಳಗೆ ನೀರು ಇಳಿದು ಹೋಲ್ಡರ್ ಹತ್ರ ತುಕ್ಕಿನ ಕೆಸರು, ಹಸಿರು ವೈರನ್ನ ಡಬ್ಬಿ ಹಿಂದೆ ಕತ್ತರಿಸಿ ಮಡಚಿ ಇಟ್ಟಿದ್ರು, ಅರ್ತಿಂಗೇ ಇಲ್ಲ. ಸ್ವಿಚ್ ಬಾಕ್ಸ್ ಬಿಚ್ಚಿದ್ರೆ ಸ್ವಿಚ್ಚಿಗೆ ಹಾಕಿದ್ದು ನ್ಯೂಟ್ರಲ್ಲು, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರು, ಕರೆಂಟ್ ತರೋ ಫೇಸ್ ಸೀದಾ ಲೈಟಿಗೆ ಹೋಗಿದೆ. ಅಂದ್ರೆ ಸ್ವಿಚ್ ಆಫ್ ಮಾಡಿದ್ರೆ ದೀಪ ಆರುತ್ತೆ ಅಷ್ಟೇ, ಕರೆಂಟು ಇಪ್ಪತ್ನಾಲ್ಕು ಗಂಟೆನೂ ಲೈಟ್ ಒಳಗೆ ಕೂತಿರುತ್ತೆ. ಅದು ತುಕ್ಕಿನ ನೀರಿಂದ ಬಾಡಿಗೆ, ಬಾಡಿಯ ಸ್ಕ್ರೂ ಇಂದ ಒದ್ದೆ ಗೋಡೆಗೆ, ಗೋಡೆಯೊಳಗಿನ ಜಿಐ (ಕಬ್ಬಿಣದ) ಪೈಪಿಗೆ, ಪೈಪಿಂದ ಅಜ್ಜಿ ಕೈಗೆ. ಆ ಮನೇಲಿ ಕರೆಂಟ್ ಸೋರಿದ್ರೆ ತಾನಾಗೇ ಲೈನ್ ಕಟ್ ಮಾಡೋ ಆರ್‌ಸಿಸಿಬಿನೂ ಇರ್ಲಿಲ್ಲ. ಆವತ್ತಿಂದ ನಾನು ಯಾವ ಬಚ್ಚಲಿಗೆ ಹೋದ್ರೂ ಮೂರು ವಿಷಯ ಮೊದಲು ನೋಡ್ತೀನಿ: ಸ್ವಿಚ್ ಕಟ್ ಮಾಡ್ತಿರೋದು ಫೇಸನ್ನೇನಾ, ಹಸಿರು ವೈರ್ ನಿಜವಾಗ್ಲೂ ಅರ್ತಿಗೆ ಹೋಗಿದ್ಯಾ, ಆರ್‌ಸಿಸಿಬಿ ಇದ್ಯಾ.

ಈಗ ಫ್ಯಾನ್ ವಿಷಯ. ಸೈಜ್ ಬಗ್ಗೆ ತುಂಬಾ ತಲೆ ಕೆಡಿಸ್ಕೋಬೇಡಿ. ಐದಡಿ ಎಂಟಡಿ ಬಚ್ಚಲು, ಒಂಬತ್ತಡಿ ಎತ್ತರ ಅಂದ್ರೆ 360 ಘನ ಅಡಿ, ಹತ್ತು ಘನ ಮೀಟರ್‌ಗಿಂತ ಚೂರು ಜಾಸ್ತಿ. ಗಂಟೆಗೆ ಹತ್ತು ಸಲ ಒಳಗಿನ ಗಾಳಿ ಪೂರ್ತಿ ಬದಲಾಗ್ಬೇಕು ಅಂತ ಇಟ್ಕೊಂಡ್ರೂ ಗಂಟೆಗೆ ನೂರು ಘನ ಮೀಟರ್ ಎಳೆದ್ರೆ ಸಾಕು, ಆರಿಂಚಿನ ಅಂದ್ರೆ 150 ಎಂಎಂ ಫ್ಯಾನೇ ಅದಕ್ಕಿಂತ ಹೆಚ್ಚು ಎಳೆಯುತ್ತೆ, ಡಬ್ಬದ ಮೇಲೆ ಬರೆದಿರ್ತಾರೆ ನೋಡ್ಕೊಳಿ. ಅಡುಗೆಮನೆಗೆ ತಂದ ಹನ್ನೆರಡಿಂಚಿಂದು ಮಿಕ್ಕಿದೆ ಅಂತ ಬಚ್ಚಲಿಗೆ ಹಾಕ್ಬೇಡಿ, ಸದ್ದಿಗೆ ಯಾರೂ ಅದನ್ನ ಆನ್ ಮಾಡಲ್ಲ.

ಗಾಳಿ ಒಳಗೆ ಬರಕ್ಕೆ ದಾರಿ ಇಲ್ದೆ ಹೊರಗೆ ಹೋಗಲ್ಲ, ಇದನ್ನ ಎಷ್ಟು ಹೇಳಿದ್ರೂ ಸಾಲಲ್ಲ. ಬಾಗಿಲ ಕೆಳಗೆ ಅರ್ಧ ಇಂಚೋ ಮುಕ್ಕಾಲು ಇಂಚೋ ಸಂದು ಬೇಕು, ಇಲ್ಲ ಬಾಗಿಲಿಗೇ ಜಾಲಿ ಇರೋದು ಹಾಕಿಸ್ಬೇಕು. ಇನ್ನೊಂದು, ನಮ್ಮ ಕಡೆ ಬಚ್ಚಲಿಗೆ ಗಾಜಿನ ಪಟ್ಟಿ ಇರೋ ವೆಂಟಿಲೇಟರ್ ಇರುತ್ತಲ್ಲ, ಅದ್ರಲ್ಲಿ ಮೇಲಿನ ಎರಡ್ಮೂರು ಪಟ್ಟಿ ತೆಗೆದು ಅಲ್ಲಿ ಫ್ಯಾನ್ ಕೂರಿಸಿ, ಕೆಳಗಿನ ಪಟ್ಟಿ ಹಂಗೇ ಬಾಯಿ ತೆಗೆದು ಬಿಟ್ಟಿರ್ತಾರೆ. ಆಗ ಏನಾಗುತ್ತೆ ಅಂದ್ರೆ ಫ್ಯಾನ್ ಕೆಳಗಿನ ಸಂದಿನಿಂದ ಹೊರಗಿನ ಗಾಳಿ ಎಳ್ಕೊಂಡು ಅದನ್ನೇ ವಾಪಸ್ ಹೊರಗೆ ತಳ್ತಾ ಇರುತ್ತೆ, ಶವರ್ ಕಡೆಯ ಹಬೆ ಇದ್ದಲ್ಲೇ ಇರುತ್ತೆ, ಜನ ಫ್ಯಾನ್ ಸರಿ ಇಲ್ಲ ಅಂತಾರೆ. ಉಳಿದ ಜಾಗನ ಅಕ್ರಿಲಿಕ್ ಶೀಟೋ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟೋ ಕತ್ತರಿಸಿ ಮುಚ್ಚಿ, ಅಂಚಿಗೆ ಸಿಲಿಕಾನ್ ಹಚ್ಚಿ. ಫ್ಯಾನ್ ಇರೋದು ಒಂದು ಗೋಡೆಲಿ, ಬಾಗಿಲು ಎದುರಿನ ಗೋಡೆಲಿ ಇದ್ರೆ ತುಂಬಾ ಒಳ್ಳೇದು, ಗಾಳಿ ಇಡೀ ಬಚ್ಚಲು ಹಾದು ಹೋಗುತ್ತೆ. ಹಿಂದೆ ತಾನಾಗೇ ಮುಚ್ಚೋ ಶಟರ್ ಇರೋದೇ ತಗೊಳಿ, ಇಲ್ಲಾಂದ್ರೆ ಮಳೆ ಇರಚಲು ಒಳಗೆ ಬರುತ್ತೆ, ಊರಲ್ಲಾದ್ರೆ ಪಾರಿವಾಳ ಗೂಡು ಕಟ್ಟುತ್ತೆ.

ಲೈಟಿನ ಜಾಗಕ್ಕೆ ಒಂದು ಅಳತೆ ನೆನಪಿಟ್ಕೊಳಿ, ಶವರ್ ಕೆಳಗಿನ ನೆಲದಿಂದ 2.25 ಮೀಟರ್, ಹತ್ತಿರ ಹತ್ತಿರ ಏಳೂವರೆ ಅಡಿ. ಶವರ್ ನಿಂತ್ಕೊಳೋ ಜಾಗದಲ್ಲಿ ಈ ಎತ್ತರದ ಒಳಗೆ ಮಾಮೂಲಿ ಹೋಲ್ಡರು ಬಲ್ಬು ಬರಂಗೇ ಇಲ್ಲ. ಹತ್ತಡಿ ಸೂರು ಇರೋ ಮನೇಲಿ ತೊಂದ್ರೆ ಆಗಲ್ಲ, ಆದ್ರೆ ಬಚ್ಚಲ ಮೇಲೆ ಲಾಫ್ಟ್ ಮಾಡಿಸಿರೋ ಮನೆಗಳು ಎಷ್ಟೊಂದಿವೆ, ಅಲ್ಲಿ ಏಳಡಿಗೇ ಸ್ಲ್ಯಾಬ್ ಬಂದ್ಬಿಡುತ್ತೆ, ಕೈ ಎತ್ತಿದ್ರೆ ಲೈಟ್ ಸಿಗುತ್ತೆ, ಒದ್ದೆ ಕೈ ಬೇರೆ. ಅಂಥ ಕಡೆ ಐಪಿ65 ಅಂತ ಬರೆದಿರೋ ಪ್ಲಾಸ್ಟಿಕ್ ಬಾಡಿಯ ಲೈಟೇ ಹಾಕಿ, ಇನ್ನೂ ಒಳ್ಳೇದು ಅಂದ್ರೆ 12 ವೋಲ್ಟಿನ ಎಲ್‌ಇಡಿ ಹಾಕಿ ಅದ್ರ ಡ್ರೈವರನ್ನ, ಅಂದ್ರೆ ವೋಲ್ಟ್ ಇಳಿಸಿ ಕೊಡೋ ಡಬ್ಬಿನ, ಬಚ್ಚಲಿಂದ ಆಚೆ ಇಡೋದು. ಐಪಿ ನಂಬರಲ್ಲಿ ಎರಡನೇ ಅಂಕಿ ನೀರಿಂದು, 4 ಅಂದ್ರೆ ಎರಚಿದ ನೀರು ತಡೆಯುತ್ತೆ, 5 ಅಂದ್ರೆ ಪೈಪಿಂದ ಬಿಟ್ಟ ಧಾರೆನೂ ತಡೆಯುತ್ತೆ. ಮಾಮೂಲಿ ಎಕ್ಸಾಸ್ಟ್ ಫ್ಯಾನಿಗೆ ಇಂಥ ರಕ್ಷಣೆ ಇರಲ್ಲ, ಅದಕ್ಕೆ ಅದನ್ನ ಶವರಿಂದ ಕನಿಷ್ಠ ಎರಡಡಿ ಆಚೆ, ನೀರು ಹಾರದೇ ಇರೋ ಎತ್ತರಕ್ಕೆ ಕೂರಿಸಿ.

ಸಾಮಾನು ಅಂಥದ್ದೇನಿಲ್ಲ. ಐಎಸ್‌ಐ ಮಾರ್ಕಿನ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಫ್ಯಾನು ಲೈಟು ಎರಡೂ ಸೇರಿದ್ರೂ ನಲ್ವತ್ತು ವ್ಯಾಟ್ ಆಸುಪಾಸು ಅಷ್ಟೇ, ಲೋಡಿನ ಲೆಕ್ಕಕ್ಕೆ 1 ಸ್ಕ್ವೇರೇ ಧಾರಾಳ ಆಯ್ತು, ಆದ್ರೂ ನಾನು 1.5 ಹಾಕ್ತೀನಿ, ಜಾಯಿಂಟ್ ಗಟ್ಟಿ ಕೂರುತ್ತೆ. 20 ಎಂಎಂ ಪಿವಿಸಿ ಪೈಪು, ಮುಚ್ಚಳ ಇರೋ ಜಂಕ್ಷನ್ ಬಾಕ್ಸು, ಕನೆಕ್ಟರು, ಎರಡು 6 ಆಂಪ್ ಸ್ವಿಚ್ಚು. ಗೀಸರ್ ಲೈನಿಂದ ಮಾತ್ರ ಟ್ಯಾಪ್ ಮಾಡ್ಬೇಡಿ, ಅದಕ್ಕೆ 16 ಅಥವಾ 20 ಆಂಪಿನ ಎಂಸಿಬಿ (ಲೋಡ್ ಮೀರಿದ್ರೆ ತಾನಾಗೇ ಬೀಳೋ ಸ್ವಿಚ್ಚು) ಇರುತ್ತೆ, ಈ ಸಣ್ಣ ವೈರು ಕಾದು ಸುಟ್ರೂ ಅದು ಬೀಳದೇ ಇರ್ಬೋದು. ಲೈಟಿಂಗ್ ಲೈನಿಂದಾನೇ ತಗೊಳಿ, 6 ಅಥವಾ 10 ಆಂಪಿನ ಎಂಸಿಬಿ.

ಎರಡು ಸ್ವಿಚ್ಚು ಅಂದೆ, ಅದನ್ನ ಬಿಡಿಸಿ ಹೇಳ್ಬೇಕು. ಎಷ್ಟೋ ಕಡೆ ಖರ್ಚು ಉಳಿಸಕ್ಕೆ ಫ್ಯಾನನ್ನ ಲೈಟ್ ಸ್ವಿಚ್ಚಿಗೇ ಸೇರಿಸ್ಬಿಡ್ತಾರೆ. ಸ್ನಾನ ಮುಗಿಸಿ ಆಚೆ ಬಂದೋರು ಲೈಟ್ ಆಫ್ ಮಾಡ್ತಾರೆ, ಫ್ಯಾನೂ ನಿಲ್ಲುತ್ತೆ. ಆದ್ರೆ ಫ್ಯಾನಿನ ಅಸಲಿ ಕೆಲಸ ಶುರುವಾಗೋದೇ ಆವಾಗ, ನೆಲ ಗೋಡೆ ಟವೆಲ್ಲು ಎಲ್ಲದ್ರ ನೀರು ಆರಿ ಗಾಳಿಗೆ ಬರೋದು ನಾವು ಆಚೆ ಬಂದ ಮೇಲೆ. ಹದಿನೈದು ಇಪ್ಪತ್ತು ನಿಮಿಷ ಆದ್ರೂ ಅದು ತಿರುಗ್ತಾನೇ ಇರ್ಬೇಕು. ಮೂವತ್ತು ವ್ಯಾಟಿನ ಫ್ಯಾನು ದಿನಾ ಒಂದು ಗಂಟೆ ತಿರುಗಿದ್ರೂ ತಿಂಗಳಿಗೆ ಒಂದು ಯೂನಿಟ್ ಕೂಡ ಪೂರ್ತಿ ಆಗಲ್ಲ, ಬಾಗಿಲು ಬದಲಾಯಿಸೋ ಖರ್ಚಿನ ಮುಂದೆ ಅದು ಏನೂ ಅಲ್ಲ ಮಾರಾಯ್ರೆ. ಟೈಮರ್ ಇರೋ ಫ್ಯಾನ್ ತಂದ್ರೆ ತಾನಾಗೇ ನಿಲ್ಲುತ್ತೆ, ಆದ್ರೆ ಅದಕ್ಕೆ ಸ್ವಿಚ್ಚಿಂದ ಬರೋ ಲೈನಲ್ದೆ ಯಾವಾಗ್ಲೂ ಕರೆಂಟ್ ಇರೋ ಫೇಸ್ ಇನ್ನೊಂದು ಬೇಕು, ಪೈಪಲ್ಲಿ ವೈರ್ ಎಳೆಯೋವಾಗ್ಲೇ ಇದನ್ನ ಯೋಚ್ನೆ ಮಾಡಿ. ಸ್ವಿಚ್ ಬೋರ್ಡು ಬಚ್ಚಲ ಬಾಗಿಲ ಹೊರಗೇ ಇರ್ಲಿ.

ಕೆಲಸ ಶುರು ಮಾಡೋ ಮುಂಚೆ ಕರೆಂಟ್ ತೆಗೆಯೋದು. ಇಲ್ಲಿ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಅಪಾಯ ಇದೆ, ಯುಪಿಎಸ್ಸು. ಬಚ್ಚಲ ಲೈಟು ಕರೆಂಟ್ ಹೋದಾಗ್ಲೂ ಉರೀಲಿ ಅಂತ ಯುಪಿಎಸ್ ಲೈನಿಗೆ ಹಾಕಿರ್ತಾರೆ, ನೀವು ಮೇನ್ ಆಫ್ ಮಾಡಿದ ತಕ್ಷಣ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡಕ್ಕೆ ಶುರು ಮಾಡುತ್ತೆ, ನೀವು ಆಫ್ ಆಗಿದೆ ಅಂದ್ಕೊಂಡು ಕೈ ಹಾಕ್ತೀರ. ಒಂದೇ ಸ್ವಿಚ್ ಬಾಕ್ಸಲ್ಲಿ ಫ್ಯಾನಿಗೆ ಮೇನ್ ಫೇಸು, ಲೈಟಿಗೆ ಯುಪಿಎಸ್ ಫೇಸು ಇರೋದೂ ಮಾಮೂಲಿ. ಅದಕ್ಕೆ ಮೇನೂ ಆಫ್ ಮಾಡಿ, ಯುಪಿಎಸ್ಸೂ ಆಫ್ ಮಾಡಿ, ಎಂಸಿಬಿಗಳೆಲ್ಲ ಇರೋ ಡಿಬಿ ಬಾಕ್ಸಿಗೆ ಟೇಪ್ ಹಚ್ಚಿ ಕೆಲಸ ನಡೀತಿದೆ ಅಂತ ಚೀಟಿ ಅಂಟಿಸಿ, ಮನೆಯವ್ರಿಗೆ ಬಾಯಲ್ಲೂ ಹೇಳಿ. ಟೆಸ್ಟರನ್ನ ಮೊದ್ಲು ಕರೆಂಟ್ ಇರೋ ಪ್ಲಗ್ಗಲ್ಲಿ ಉರಿಯುತ್ತಾ ನೋಡ್ಕೊಳಿ, ಆಮೇಲೆ ಆಫ್ ಮಾಡಿ ಬಾಕ್ಸಲ್ಲಿರೋ ಪ್ರತಿಯೊಂದು ವೈರಿಗೂ ಹಿಡಿದು ನೋಡಿ, ಕಪ್ಪು ವೈರಿಗೂ ಹಿಡೀರಿ. ಮಲ್ಟಿಮೀಟರ್ ಇದ್ರೆ ಇನ್ನೂ ನಂಬಿಕೆ.

ಸ್ವಿಚ್ ಬಾಕ್ಸಿಂದ ಬಚ್ಚಲ ಒಳಗಿನ ಜಂಕ್ಷನ್ ಬಾಕ್ಸಿಗೆ ನಾಲ್ಕು ವೈರ್ ಹೋಗ್ಬೇಕು. ಫ್ಯಾನ್ ಸ್ವಿಚ್ಚಿಂದ ಒಂದು, ಲೈಟ್ ಸ್ವಿಚ್ಚಿಂದ ಒಂದು, ಎರಡಕ್ಕೂ ಸೇರಿ ಕಪ್ಪು ನ್ಯೂಟ್ರಲ್ ಒಂದು, ಹಸಿರು ಅರ್ತ್ ಒಂದು. ಬೋರ್ಡಿಗೆ ಬಂದಿರೋ ಫೇಸು ಎರಡೂ ಸ್ವಿಚ್ಚಿನ ಒಂದು ಕಾಲಿಗೆ (ವೈರ್ ಬಿಗಿಯೋ ಜಾಗಕ್ಕೆ) ಲೂಪ್ ಆಗುತ್ತೆ, ಇನ್ನೊಂದು ಕಾಲಿಂದ ಫ್ಯಾನಿಗೂ ಲೈಟಿಗೂ ಬೇರೆ ಬೇರೆ ಬಣ್ಣದಲ್ಲಿ ಹೊರಡುತ್ತೆ, ನಾನು ಫ್ಯಾನಿಗೆ ಹಳದಿ ಲೈಟಿಗೆ ಕೆಂಪು ಹಾಕ್ತೀನಿ, ಮುಂದೆ ಯಾರೇ ಬಿಚ್ಚಿದ್ರೂ ಗೊತ್ತಾಗ್ಲಿ ಅಂತ. ನ್ಯೂಟ್ರಲ್ಲೂ ಅರ್ತೂ ಸ್ವಿಚ್ ಮುಟ್ಟದೇ ಸೀದಾ ಹೋಗ್ಬೇಕು. ನ್ಯೂಟ್ರಲ್ ಯಾವ ಲೈನಿನ ಫೇಸ್ ತಗೊಂಡ್ರೋ ಅದೇ ಲೈನಿಂದಾಗಿರ್ಲಿ. ಹತ್ರ ಸಿಕ್ತು ಅಂತ ಪಕ್ಕದ ರೂಮಿನ ನ್ಯೂಟ್ರಲ್ ಎಳ್ಕೊಂಡ್ರೆ, ಅದು ಬೇರೆ ಆರ್‌ಸಿಸಿಬಿಗೆ ಸೇರಿದ್ದಾದ್ರೆ ಸ್ವಿಚ್ ಹಾಕಿದ ಕೂಡ್ಲೇ ಟ್ರಿಪ್ ಆಗುತ್ತೆ, ಆಮೇಲೆ ಹೊಸ ಫ್ಯಾನ್ ಶಾರ್ಟ್ ಆಗಿದೆ ಅಂತ ಅಂಗಡಿಗೆ ವಾಪಸ್ ಕೊಡಕ್ಕೆ ಓಡ್ತಾರೆ.

ಫ್ಯಾನಿನ ತುದೀಲಿ ಬಣ್ಣದ ಗೊಂದಲ ಒಂದಿದೆ, ಇದನ್ನ ದಯವಿಟ್ಟು ಎರಡು ಸಲ ಓದಿ. ಕಂಪನಿಯಿಂದ ಫ್ಯಾನ್ ಜೊತೆ ಬರೋ ವೈರಲ್ಲಿ ಕಂದು ಬಣ್ಣದ್ದು ಫೇಸು, ನೀಲಿ ನ್ಯೂಟ್ರಲ್ಲು, ಹಸಿರು ಹಳದಿ ಪಟ್ಟೆದು ಅರ್ತು. ನಮ್ಮ ಗೋಡೆ ವೈರಿಂಗಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸಿನ ಬಣ್ಣ, ನ್ಯೂಟ್ರಲ್ ಕಪ್ಪು. ಅಂದ್ರೆ ಗೋಡೆಯ ನೀಲಿಲಿ ಕರೆಂಟ್ ಇರುತ್ತೆ, ಫ್ಯಾನಿನ ನೀಲಿ ನ್ಯೂಟ್ರಲ್ಲು. ನೀಲಿಗೆ ನೀಲಿ ಅಂತ ಸೇರಿಸಿದ್ರೆ ಎಡವಟ್ಟಾಗುತ್ತೆ. ಫ್ಯಾನಿನ ನೀಲಿ ಹೋಗ್ಬೇಕಾಗಿದ್ದು ಗೋಡೆಯ ಕಪ್ಪಿಗೆ, ಕಂದು ಹೋಗ್ಬೇಕಾಗಿದ್ದು ಸ್ವಿಚ್ಚಿಂದ ಬಂದ ಲೈನಿಗೆ. ಪ್ಲಾಸ್ಟಿಕ್ ಬಾಡಿ ಫ್ಯಾನಲ್ಲಿ ಕೆಲವ್ದಕ್ಕೆ ಎರಡೇ ವೈರ್ ಇರುತ್ತೆ, ಹಂಗಿದ್ರೂ ಹಸಿರು ವೈರನ್ನ ಅಲ್ಲಿ ತನಕ ತಂದು ಕನೆಕ್ಟರಲ್ಲಿ ಕಟ್ಟಿ ಬಿಡಿ, ನಾಳೆ ಲೋಹದ ಬಾಡಿದು ಹಾಕಿದ್ರೆ ಬೇಕಾಗುತ್ತೆ. ಕತ್ತರಿಸಿ ಮಡಚಿ ಮಾತ್ರ ಇಡ್ಬೇಡಿ.

ಜಾಯಿಂಟನ್ನ ವೈರ್ ತಿರುಚಿ ಟೇಪ್ ಸುತ್ತಿ ಬಿಡೋದು ಬಚ್ಚಲಲ್ಲಿ ಬೇಡವೇ ಬೇಡ, ಹಬೆಗೆ ಟೇಪಿನ ಅಂಟು ಒಂದು ಮಳೆಗಾಲ ತಡೆಯಲ್ಲ. ಕನೆಕ್ಟರಿಗೆ ಹಾಕಿ ಸ್ಕ್ರೂ ಬಿಗಿ ಮಾಡಿ ಒಂದೊಂದೇ ವೈರನ್ನ ಎಳೆದು ನೋಡಿ, ಮುಚ್ಚಳ ಹಾಕಿ. ಫ್ಯಾನಿಗೂ ಲೈಟಿಗೂ ವೈರು ಕೆಳಗಿಂದ ಅಥವಾ ಪಕ್ಕದಿಂದ ಒಳಗೆ ಹೋಗ್ಲಿ, ಹೋಗೋ ಮುಂಚೆ ಒಂದು ಸಣ್ಣ ಬಾಗು ಕೆಳಗೆ ಇಳಿದು ಮೇಲೆ ಹತ್ಲಿ, ವೈರಿನ ಮೇಲೆ ಹರಿದು ಬಂದ ನೀರು ಆ ಬಾಗಲ್ಲೇ ತೊಟ್ಟಿಕ್ಕಿ ಬಿದ್ದೋಗುತ್ತೆ. ಐಪಿ65 ಲೈಟಿಗೆ ವೈರ್ ಹೋಗಕ್ಕೆ ಕೊಟ್ಟಿರೋ ರಬ್ಬರ್ ತೂತಲ್ಲೇ ಹಾಕಿ, ಅನುಕೂಲಕ್ಕೆ ಅಂತ ಹಿಂದೆ ಇನ್ನೊಂದು ತೂತು ಕೊರೆದ್ರೆ ಆ 65 ಅಲ್ಲಿಗೆ ಮುಗೀತು. ಮುಚ್ಚಳದ ಸುತ್ತ ಇರೋ ರಬ್ಬರ್ ಪಟ್ಟಿ ಮಡಚಿಕೊಂಡಿಲ್ಲ ಅಂತ ಬೆರಳಾಡಿಸಿ ನೋಡಿ.

ಕರೆಂಟ್ ಕೊಡೋ ಮುಂಚೆ ಬಾಕ್ಸುಗಳ ಮುಚ್ಚಳ ಎಲ್ಲಾ ಹಾಕಿರ್ಲಿ, ಕಾಲಿಗೆ ಒಣ ಚಪ್ಪಲಿ ಇರ್ಲಿ. ಎಂಸಿಬಿ ಹಾಕಿ ಮೊದ್ಲು ಆರ್‌ಸಿಸಿಬಿ ಮೇಲಿರೋ ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬೀಳ್ಬೇಕು, ಬೀಳ್ಲಿಲ್ಲ ಅಂದ್ರೆ ಬೇರೆ ಕೆಲಸ ನಿಲ್ಲಿಸಿ ಅದನ್ನ ಬದಲಾಯಿಸಿ. ಬಚ್ಚಲಿಗೆ 30 ಮಿಲಿ ಆಂಪಿಂದೇ ಬೇಕು, 100, 300ರದ್ದು ಸಿಗುತ್ತೆ, ಅದು ಮನುಷ್ಯರನ್ನ ಶಾಕಿಂದ ಉಳಿಸೋ ಲೆಕ್ಕದ್ದಲ್ಲ. ಯುಪಿಎಸ್ ಲೈನನ್ನ ಆರ್‌ಸಿಸಿಬಿ ತಪ್ಪಿಸಿ ಎಳೆದಿರೋ ಮನೆಗಳಿವೆ, ನಿಮ್ಮ ಬಚ್ಚಲ ಲೈಟು ಅಂಥ ಲೈನಲ್ಲಿದ್ರೆ ಅದಕ್ಕೆ ಪ್ರತ್ಯೇಕ ರಕ್ಷಣೆ ಹಾಕಿಸಿ. ಆಮೇಲೆ ಮೀಟರ್ ಇರೋರು ಅಥವಾ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ, ಫೇಸಿಗೂ ನ್ಯೂಟ್ರಲ್ಲಿಗೂ 230 ಆಸುಪಾಸು, ಫೇಸಿಗೂ ಅರ್ತಿಗೂ ಹತ್ತಿರ ಹತ್ತಿರ ಅಷ್ಟೇ ತೋರಿಸ್ಬೇಕು. ಎರಡನೇದು ನೂರೋ ಅರವತ್ತೋ ತೋರಿಸಿ ಓಲಾಡ್ತಿದ್ರೆ ಅರ್ತಿಂಗ್ ಸರಿ ಇಲ್ಲ. ಹೊಸ ಎಲ್‌ಇಡಿ ಲೈಟು ಸ್ವಿಚ್ ಆಫ್ ಮಾಡಿದ ಮೇಲೂ ಕತ್ತಲೇಲಿ ಮಿಣಿ ಮಿಣಿ ಅಂತಿದ್ರೆ ಅಜ್ಜಿ ಮನೆ ಕಥೆ ನೆನಪು ಮಾಡ್ಕೊಳಿ, ನ್ಯೂಟ್ರಲ್ ಸ್ವಿಚ್ಚಿಗೆ ಹೋಗಿದ್ಯಾ ಅಂತ ಮೊದ್ಲು ಅದನ್ನೇ ನೋಡಿಸಿ.

ಫ್ಯಾನ್ ಎಳೀತಿದ್ಯಾ ಅಂತ ನೋಡಕ್ಕೆ ಬಚ್ಚಲ ಬಾಗಿಲು ಮುಚ್ಚಿ, ಹೊರಗಡೆ ನಿಂತು ಬಾಗಿಲ ಕೆಳಗಿನ ಸಂದಿನ ಹತ್ರ ಊದುಬತ್ತಿ ಹಿಡೀರಿ. ಹೊಗೆ ಬಗ್ಗಿ ಒಳಗೆ ನುಗ್ಗಿದ್ರೆ ಸರಿ ಇದೆ. ಮುಖಕ್ಕೆ ವಾಪಸ್ ಬಂದ್ರೆ ಫ್ಯಾನನ್ನ ತಿರುಗುಮುರುಗ ಕೂರಿಸಿದೀರ, ನೆಟ್ಟಗೆ ಮೇಲೇ ಹೋದ್ರೆ ಎಲ್ಲೋ ವೆಂಟಿಲೇಟರ್ ಸಂದು ಮುಚ್ಚಿಲ್ಲ.

ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇರೋ ಮನೆಗಳಿಗೆ ಇದನ್ನ ಗಟ್ಟಿಯಾಗೇ ಹೇಳ್ತೀನಿ, ಎಕ್ಸಾಸ್ಟ್ ಫ್ಯಾನ್ ಹಾಕಿದೀವಲ್ಲ ಇನ್ನೇನು ಭಯ ಇಲ್ಲ ಅಂದ್ಕೋಬೇಡಿ. ಗ್ಯಾಸ್ ಉರಿಯುವಾಗ ಗಾಳಿ ಸಾಲ್ದೇ ಹೋದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ಸ್ನಾನಕ್ಕೆ ಹೋದೋರು ಅಲ್ಲೇ ಕುಸಿದು ಬೀಳ್ತಾರೆ, ನಮ್ಮ ರಾಜ್ಯದಲ್ಲೇ ಎಷ್ಟು ಜೀವ ಹಿಂಗೆ ಹೋಗಿದೆ. ಬಾಗಿಲ ಕೆಳಗೆ ಸಂದಿಲ್ದೆ ಫ್ಯಾನ್ ಜೋರಾಗಿ ಎಳೆದ್ರೆ ಗೀಸರಿನ ಹೊಗೆ ಕೊಳವೆಯಿಂದ ಆಚೆ ಹೋಗ್ಬೇಕಾದ ಗಾಳಿನೇ ಒಳಗೆ ಬರ್ಬೋದು. ಗ್ಯಾಸ್ ಗೀಸರ್ ಬಚ್ಚಲಿಂದ ಆಚೆ, ಬಯಲು ಗಾಳಿ ಆಡೋ ಕಡೆ ಇರ್ಬೇಕು, ನೀರಿನ ಪೈಪ್ ಮಾತ್ರ ಒಳಗೆ ಬರ್ಲಿ. ಒಳಗಿರೋದನ್ನ ಮೊದ್ಲು ಆಚೆ ಹಾಕಿಸಿ, ಫ್ಯಾನಿನ ಕೆಲಸ ಆಮೇಲೆ.

ಹಂಡೆ ಒಲೆ ಇರೋ ಬಚ್ಚಲಿಗೆ ಫ್ಯಾನ್ ಹಾಕಿದ್ರೆ ಮಸಿ ಬೇಗ ಕಟ್ಟುತ್ತೆ, ತಿಂಗಳಿಗೊಮ್ಮೆ ಒರೆಸ್ಬೇಕು, ಬೇರೆ ಕಡೆ ಎರಡ್ಮೂರು ತಿಂಗಳಿಗೊಮ್ಮೆ ಸಾಕು. ಎಂಸಿಬಿ ಆಫ್ ಮಾಡಿ, ರೆಕ್ಕೆ ಮೇಲೆ ಕೂತ ಸೋಪಿನ ಜಿಡ್ಡು ಧೂಳನ್ನ ಹಿಂಡಿದ ಒದ್ದೆ ಬಟ್ಟೇಲಿ ಒರೆಸಿ, ನೀರು ಎರಚಬೇಡಿ, ಹಿಂದಿನ ಶಟರ್ ಬೆರಳಲ್ಲಿ ಎತ್ತಿದ್ರೆ ಸಲೀಸಾಗಿ ಆಡುತ್ತಾ ನೋಡಿ, ಬೇಸಿಗೆ ಕಳೆದು ಮಳೆ ಶುರುವಾಗೋ ಮುಂಚೆ ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತೆ, ಅದನ್ನ ಕೆರೆದು ತೆಗೆದ ಮೇಲೇ ಸ್ವಿಚ್ ಹಾಕಿ. ಹೆಂಗೂ ಡಿಬಿ ಹತ್ರ ಹೋಗಿರ್ತೀರಲ್ಲ, ಆರ್‌ಸಿಸಿಬಿಯ ಟೆಸ್ಟ್ ಬಟನ್ನೂ ಆವಾಗ್ಲೇ ಒಂದು ಸಲ ಒತ್ತಿ ಬನ್ನಿ.